ಕೊಟ್ಟದ್ದಲ್ಲ, ತೆತ್ತದ್ದು

ರಿಜಿಕಿ ಬಂದಾಗ ಜಾಹ್ನವಿ ಇನ್ನೂ ಕೋಟು ಬಿಚ್ಚಿರಲಿಲ್ಲ. ಸಿಯಾಟಲ್ ಬಳಿಯ ಕೆಂಟ್ ಊರಿನ ಹಳೆಯ ಬೀದಿಯಲ್ಲಿ, ತೆರಿಯಾಕಿ ಎಂಬ ಜಪಾನಿ ಕೋಳಿ ಅಡುಗೆಯ ಅಂಗಡಿಯೊಂದರ ಮಾಳಿಗೆಯ ಮೇಲಿನ ಎರಡು ಕೋಣೆಗಳೇ ಅವಳ ವಕೀಲಿ ಕಚೇರಿ. ಕೆಳಗೆ ಕೋಳಿ ಬೇಯಿಸಲು ಶುರುಮಾಡಿದರೆ ಮೇಲೆ ಕಕ್ಷಿದಾರರಿಗೆ ಹಸಿವಾಗುತ್ತಿತ್ತು. ಅಂದು ಮಾತ್ರ ಇಬ್ಬರಿಗೂ ಹಸಿವಿನ ನೆನಪಾಗಲಿಲ್ಲ.

ಸರ್ಕಾರಿ ವಕೀಲರ ಕಡೆಯಿಂದ ಬಂದ ನೋಟಿಸನ್ನು ಜಾಹ್ನವಿ ಮೇಜಿನ ಮೇಲೆ ಬಿಡಿಸಿಟ್ಟಳು. ರಿಜಿಕಿಗೆ ಉಗಾಂಡದಲ್ಲಿ ಕಲಿತ ಇಂಗ್ಲಿಷ್ ಇತ್ತು. ನಿಧಾನವಾಗಿ, ಬೆರಳಿಟ್ಟು ಓದಿದಳು. ಓದಿ ಮುಗಿಸಿ ತಲೆಯೆತ್ತಿದಳು.

"ನಾನು ಆ ಬಂದೂಕಿನವರಿಗೆ ನೆರವು ಕೊಟ್ಟೆ ಅಂತ ಬರೆದಿದ್ದಾರೆ."

"ಹೌದು."

"ನನ್ನ ಗಂಡನನ್ನು ಕೊಂದವರಿಗೆ."

"ಹೌದು ರಿಜಿಕಿ."

"ಹಾಗಾದರೆ ನಾನು ಅವರ ಪೈಕಿ?"

ಜಾಹ್ನವಿ ಆ ಕಾನೂನನ್ನು ವಿವರಿಸಿದಳು. ವಿವರಿಸುವಾಗ ಅವಳಿಗೇ ನಾಚಿಕೆಯಾಗುತ್ತಿತ್ತು. ಯಾವುದೇ ಸಶಸ್ತ್ರ ಗುಂಪಿಗೆ ನೆರವಾದವರಿಗೆ ಅಮೆರಿಕದಲ್ಲಿ ಆಶ್ರಯವಿಲ್ಲ. ಎಷ್ಟು ನೆರವು ಎಂದು ಕೇಳುವ ಹಾಗಿಲ್ಲ; ಒಂದು ಬೊಗಸೆ ಮಣ್ಣಾದರೂ ನೆರವೇ. ಹಣೆಗೆ ಬಂದೂಕಿಟ್ಟು ಮಾಡಿಸಿದ ಕೆಲಸವಾದರೂ ನೆರವೇ. ಬಲವಂತಕ್ಕೆ ಒಳಗಾದವರನ್ನು ಮನ್ನಿಸುವ ದಾರಿಯೊಂದಿದೆ, ಆದರೆ ಅದು ನ್ಯಾಯಾಧೀಶರ ಕೈಯಲ್ಲಿಲ್ಲ. ಸರ್ಕಾರದ ಇಲಾಖೆಯೊಂದು ಮನಸ್ಸು ಮಾಡಿದರೆ, ಮಾಡಿದಾಗ.

"ಹುಲಿಯ ಬಾಯಿಗೆ ಬಿದ್ದವಳನ್ನು ಹುಲಿಗೆ ಊಟ ಹಾಕಿದಳು ಅಂದ ಹಾಗೆ," ಎಂದು ಜಾಹ್ನವಿ ಕನ್ನಡದಲ್ಲೇ ಗೊಣಗಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ರಿಜಿಕಿ ನಗಲಿಲ್ಲ. "ಸರಿಯಾಗಿ ಹೇಳಿದಿರಿ," ಎಂದಳು.

ಜಾಹ್ನವಿ ಹೊಸಪೇಟೆಯ ಕಡೆಯವಳು. ಮದುವೆಯಾಗಿ ಗಂಡ ತ್ರಿವಿಕ್ರಮನ ಜೊತೆ ಸಿಯಾಟಲ್ ಕಡೆ ಬಂದಾಗ ಅವಳ ವೀಸಾದಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಇಂಜಿನಿಯರಿಂಗ್ ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ಮನೆಯಲ್ಲಿ ಕುಳಿತವಳು, ಒಂದು ಮುದ್ರೆಯ ಶಾಯಿ ಮನುಷ್ಯರನ್ನು ಹೇಗೆ ಕಟ್ಟಿಹಾಕುತ್ತದೆ ಎನ್ನುವ ಸಿಟ್ಟಿನಲ್ಲೇ ಕಾನೂನು ಓದಿದಳು. ಪರಿಚಯದವರೆಲ್ಲ ಕಂಪನಿಗಳ ವೀಸಾ ಕೆಲಸಕ್ಕೆ ಸೇರೆಂದರು. ಅವಳು ಕೆಂಟ್‌ಗೆ ಬಂದು, ನಿರಾಶ್ರಿತರು ಹತ್ತಿ ಬರಬಲ್ಲ ಮೆಟ್ಟಿಲಿನ ಮೇಲೆ ಬೋರ್ಡು ಹಾಕಿಕೊಂಡಳು. ಹಟಮಾರಿ ಎಂದು ತ್ರಿವಿಕ್ರಮ ಹೇಳುತ್ತಿದ್ದ. ಅದರಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು.

ರಿಜಿಕಿ ಕಾಂಗೋ ದೇಶದ ಪೂರ್ವದ ಗುಡ್ಡಗಳವಳು. ಆ ಹೆಸರಿಗೆ ಅವಳ ಭಾಷೆಯಲ್ಲಿ ದಿನದ ಅನ್ನ ಎಂದು ಅರ್ಥ. ಅನ್ನಪೂರ್ಣೆ ಎಂದು ಹೆಸರಿಡುವವರ ನಾಡಿನಿಂದ ಬಂದ ಜಾಹ್ನವಿಗೆ ಅದನ್ನು ನೆನಪಿಟ್ಟುಕೊಳ್ಳುವುದು ಕಷ್ಟವಾಗಲಿಲ್ಲ. ವಾರದ ದಿನಗಳಲ್ಲಿ ರಿಜಿಕಿ ವುಡಿನ್‌ವಿಲ್‌ನ ಒಂದು ವೈನ್ ಗೋದಾಮಿನಲ್ಲಿ ಬಾಟಲಿಗಳಿಗೆ ಬಿರಡೆ ಹಾಕುವ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ಅಲ್ಲಿಗೆ ಹೋಗಲು ಮೂರು ಬಸ್ಸು ಬದಲಿಸಬೇಕಿತ್ತು. ಪಾದದ ಅಡಿಯಲ್ಲಿ ಪೆಟ್ಟಿನ ಗುರುತುಗಳಿದ್ದವು. ಹೆಚ್ಚು ಹೊತ್ತು ನಿಂತರೆ ನೋಯುತ್ತದೆ ಎಂದು ಒಮ್ಮೆ ಮಾತ್ರ, ಅದೂ ಕೇಳಿದ್ದಕ್ಕೆ, ಹೇಳಿದ್ದಳು.

ಅವಳ ಕಣಿವೆಯಲ್ಲಿ ಕೊಲ್ಟಾನ್ ಎಂಬ ಕಪ್ಪು ಅದಿರು ಸಿಗುತ್ತದೆ. ಅದನ್ನು ಕರಗಿಸಿ ತೆಗೆದ ಟ್ಯಾಂಟಲಂ ಲೋಹ ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಕೆಪ್ಯಾಸಿಟರುಗಳಲ್ಲಿ ಕುಳಿತುಕೊಳ್ಳುತ್ತದೆ. ಗಂಡ ಬಹಾತಿ ಗುಂಡಿಯೊಳಗಿಳಿದು ಅಗೆಯುತ್ತಿದ್ದ. ರಿಜಿಕಿ ಚೀಲ ಹೊತ್ತು ಗುಡ್ಡ ಇಳಿಯುತ್ತಿದ್ದಳು. ಗುಡ್ಡದ ಬುಡದಲ್ಲಿ ಹಗ್ಗ ಕಟ್ಟಿದ ತಡೆ. ಅಲ್ಲಿ ಬಂದೂಕಿನವರು ಪ್ರತಿ ಚೀಲದಿಂದ ಒಂದು ಡಬ್ಬಿ ಅದಿರು ತೋಡಿಕೊಳ್ಳುತ್ತಿದ್ದರು. ಅದಲ್ಲದೆ ವಾರಕ್ಕೊಂದು ದಿನ ಊರಿಗೆ ಊರೇ ಅವರಿಗಾಗಿ ಅಗೆಯಬೇಕು. ಆ ದಿನಕ್ಕೆ ಅಲ್ಲಿ ಒಂದು ಹೆಸರೇ ಇತ್ತು, ಸಲೋಂಗೊ. ಹಿಂದೆ ಎಲ್ಲರೂ ಕೂಡಿ ರಸ್ತೆ ಸರಿಮಾಡುವ ದಿನಕ್ಕೆ ಹಾಗೆನ್ನುತ್ತಿದ್ದರಂತೆ. ಜಾಹ್ನವಿಗೆ ತನ್ನ ಅಜ್ಜಿ ಹೇಳುತ್ತಿದ್ದ 'ಬಿಟ್ಟಿ ಚಾಕರಿ' ನೆನಪಾಗಿತ್ತು.

ಒಂದು ಮಳೆಗಾಲ ಗುಂಡಿ ಕುಸಿದು ಅಕ್ಕಪಕ್ಕದ ಮನೆಯವರು ಒಳಗೇ ಉಳಿದರು. ಹೆಣ ತೆಗೆಯುವವರೆಗೆ ಸಲೋಂಗೊಗೆ ಬರುವುದಿಲ್ಲ ಎಂದು ಬಹಾತಿ ಎದ್ದು ನಿಂತ. ಇನ್ನೂ ಕೆಲವರು ಅವನ ಜೊತೆ ನಿಂತರು. ಗಂಡ ಹೆಂಡತಿ ಇಬ್ಬರನ್ನೂ ಎಳೆದುಕೊಂಡು ಹೋಗಿ, ಹಲಗೆ ಮುಚ್ಚಿದ ಹಳ್ಳದಲ್ಲಿ ಕೂಡಿಹಾಕಿದರು. ರಿಜಿಕಿಯನ್ನು ಬಿಟ್ಟರು. ಬಹಾತಿಯನ್ನು ಬಿಡಲಿಲ್ಲ. ಅವಳು ಕುಂಟುತ್ತ ಗೋಮಾ ಪಟ್ಟಣಕ್ಕೆ ಹೋಗಿ, ಅಲ್ಲಿನ ಒಂದು ಸಣ್ಣ ರೇಡಿಯೊ ಕೇಂದ್ರದಲ್ಲಿ ಕುಳಿತು, ಆ ಗುಂಪಿನ ನಾಯಕನ ಹೆಸರು ಹೇಳಿದಳು. ಅವನ ಜೊತೆ ಅದಿರು ಹಂಚಿಕೊಳ್ಳುತ್ತಿದ್ದ ಸೇನಾಧಿಕಾರಿಯ ಹೆಸರನ್ನೂ ಹೇಳಿದಳು. ಆಮೇಲೆ ಅವಳನ್ನು ಹುಡುಕಿಕೊಂಡು ಜನ ಬಂದರು. ಮಗಳು ಫಾಯಿದಾಳನ್ನು ಉಗಾಂಡದ ಕಂಪಾಲಾದಲ್ಲಿ ಅಕ್ಕನ ಮಡಿಲಿಗೆ ಹಾಕಿ, ಹುಡುಕುವವರು ತನ್ನ ಬೆನ್ನು ಹತ್ತಲಿ, ಮಗುವಿನ ಬಳಿ ಸುಳಿಯದಿರಲಿ ಎಂದು ದೂರ ದೂರ ಹೊರಟವಳು, ಕಡೆಗೆ ಅಮೆರಿಕದ ದಕ್ಷಿಣದ ಗಡಿಯಲ್ಲಿ ಬಂದು ನಿಂತಿದ್ದಳು.

ಅಲ್ಲಿಯೇ ಆ ಮಾತು ದಾಖಲಾದದ್ದು. ಫೋನಿನ ಆಚೆ ಬದಿಯಲ್ಲಿ ಎಲ್ಲೋ ಕುಳಿತ ದುಭಾಷಿಯೊಬ್ಬ ಅವಳ ಸ್ವಾಹಿಲಿಯನ್ನು ಇಂಗ್ಲಿಷಿಗೆ ತಿರುಗಿಸಿದ್ದ. ಅಧಿಕಾರಿ ಟೈಪು ಮಾಡಿದ್ದು: 'ನಾನು ಅವರಿಗೆ ಖನಿಜ ಕೊಡುತ್ತಿದ್ದೆ.'

"ನೀವು ಆ ದಿನ ನಿಮ್ಮ ಭಾಷೆಯಲ್ಲಿ ಏನು ಹೇಳಿದಿರಿ? ಅದೇ ಮಾತು ಹೇಳಿ," ಎಂದಳು ಜಾಹ್ನವಿ.

ರಿಜಿಕಿ ಯೋಚಿಸಲೇ ಇಲ್ಲ. "ನಿಲಿತೋಜ್ವ."

"ಅಂದರೆ ಕೊಟ್ಟೆ?"

"ಅಲ್ಲ! ಕೊಟ್ಟೆ ಅಂದರೆ ನಿಲಿತೋವ. ನಾನು ಹೇಳಿದ್ದು ನಿಲಿತೋಜ್ವ. ಅಂದರೆ..." ಅವಳು ಇಂಗ್ಲಿಷ್ ಪದಕ್ಕಾಗಿ ತಡಕಾಡಿ, ಸಿಗದೆ, ತನ್ನ ಕೈಯಿಂದ ಏನನ್ನೋ ಬೇರೊಬ್ಬರು ಕಿತ್ತುಕೊಳ್ಳುವಂತೆ ತೋರಿಸಿದಳು.

ಜಾಹ್ನವಿ ಎರಡನ್ನೂ ಒಂದರ ಪಕ್ಕ ಒಂದು ಬರೆದುಕೊಂಡಳು. ಎರಡು ಮಾತಿನ ನಡುವೆ ಒಂದೇ ಒಂದು ಸದ್ದಿನ ವ್ಯತ್ಯಾಸ. ಗೊರಗುಟ್ಟುವ ಫೋನಿನಲ್ಲಿ ಅದು ಯಾವಾಗಲೋ ಉದುರಿಹೋಗಿತ್ತು.

ಮರುದಿನ ಬೆಳಿಗ್ಗೆ ಕಾರು ಓಡಿಸುತ್ತ ಅವಳು ಹೊಸಪೇಟೆಯ ಅಪ್ಪನಿಗೆ ಫೋನು ಮಾಡಿದಳು. ಅದಿರಿನ ಹುಚ್ಚುಗಾಲದಲ್ಲಿ ಅಪ್ಪನಿಗೆ ಎರಡು ಲಾರಿ ಇದ್ದವು. ಸಂಡೂರಿನ ಗುಡ್ಡದಿಂದ ಕೆಂಪು ಧೂಳೆಬ್ಬಿಸುತ್ತ ಬಂದರಿಗೆ ಹೋಗುತ್ತಿದ್ದ ಸಾವಿರಾರು ಲಾರಿಗಳಲ್ಲಿ ಅವೂ ಎರಡು. ದಾರಿಯಲ್ಲಿ ನಿಲ್ಲುತ್ತಿದ್ದ ಪುಂಡರ ಬಗ್ಗೆ ಅಪ್ಪ ಮನೆಯಲ್ಲಿ ಬಾಯಿಬಿಟ್ಟು ಹೇಳಿದವನಲ್ಲ. ಜಾಹ್ನವಿ ನೇರವಾಗಿ ಕೇಳಿದಳು: "ಅಪ್ಪಾ, ಅವರಿಗೆ ನೀನು ಕೊಡ್ತಿದ್ದಿ ಅಲ್ಲ, ಅದನ್ನ ಏನಂತಿದ್ರಿ?"

"ಈಗ್ಯಾಕವ್ವಾ ಅದು?"

"ಒಂದು ಕೇಸಿಗೆ ಬೇಕು."

ಅಪ್ಪ, "ಕೊಡೋದು ಅನ್ನಬ್ಯಾಡವ್ವಾ ಅದಕ. ಮದುವ್ಯಾಗ ಮುಯ್ಯಿ ಕೊಡತೀವಿ, ಹಸದು ಬಂದವರಿಗೆ ರೊಟ್ಟಿ ಕೊಡತೀವಿ. ದಾರ್ಯಾಗ ಬಡಿಗಿ ಹಿಡಕೊಂಡು ನಿಂತವರಿಗೆ ಕೊಟ್ಟೀವೇನು? ತೆತ್ತೀವಿ. ದಂಡ ತೆತ್ತಂಗ, ಕಪ್ಪ ತೆತ್ತಂಗ. ತೆರಲಿಲ್ಲಂದ್ರ ಲಾರಿ ಸುಡತಿದ್ರು," ಎಂದ. ಮತ್ತೆ ದನಿ ತಗ್ಗಿಸಿ, "ತೆತ್ತವರೂ ಕಳ್ಳರಂದ್ರ ಊರಿಗೂರೇ ಜೈಲಿಗೆ ಹೋಗಬೇಕಾಕ್ಕತಿ, ನಮ್ಮವ್ವಾ," ಎಂದ.

ಒಂದು ಮಾತು ಸಿಕ್ಕಿತು. ಆದರೆ ಮಾತೊಂದರಿಂದ ಮೊಕದ್ದಮೆ ನಿಲ್ಲುವುದಿಲ್ಲ ಎಂದು ಜಾಹ್ನವಿಗೆ ಗೊತ್ತಿತ್ತು. ಕಾನೂನಿನ ಕಣ್ಣಿಗೆ ಕೊಟ್ಟದ್ದೂ ತೆತ್ತದ್ದೂ ಒಂದೇ. ಉಳಿದಿದ್ದ ಇನ್ನೊಂದು ಬಾಗಿಲು ಚಿತ್ರಹಿಂಸೆಯದು: ತಿರುಗಿ ಕಳಿಸಿದರೆ ಚಿತ್ರಹಿಂಸೆಯಾಗುವ ಸಂಭವವೇ ಹೆಚ್ಚು, ಅದಕ್ಕೆ ಅಲ್ಲಿನ ಸರ್ಕಾರದವರದೂ ಕೈ ಇದೆ ಎಂದು ತೋರಿಸಿದರೆ ಕಳಿಸುವ ಹಾಗಿಲ್ಲ. ಅದನ್ನು ತೋರಿಸಲು ಆ ಗುಡ್ಡದ ವ್ಯಾಪಾರವನ್ನು ಕಣ್ಣಾರೆ ಕಂಡ ಸಾಕ್ಷಿ ಬೇಕು.

ತ್ರಿವಿಕ್ರಮ ಕರ್ಕ್‌ಲ್ಯಾಂಡ್‌ನ ಒಂದು ಕಂಪನಿಯಲ್ಲಿ ಎಲೆಕ್ಟ್ರಾನಿಕ್ ಯಂತ್ರಗಳ ಬಿಡಿಭಾಗ ಕೊಳ್ಳುವ ತಂಡದಲ್ಲಿದ್ದ. ಅಂದು ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿರುವಾಗ ಅವಳು ಮಾತು ತೆಗೆದಳು.

"ನಿಮ್ಮ ಕೆಪ್ಯಾಸಿಟರ್‌ಗಳ ಟ್ಯಾಂಟಲಂ ಎಲ್ಲಿಂದ ಬರತ್ತೆ ಅಂತ ನಿಂಗೆ ಗೊತ್ತಾ?"

"ಸಪ್ಲೈಯರ್ ಸರ್ಟಿಫೈ ಮಾಡ್ತಾರೆ. ಪ್ರತಿ ವರ್ಷ ಆಡಿಟ್ ಆಗತ್ತೆ."

"ಅದಲ್ಲ ನಾನು ಕೇಳಿದ್ದು. ನಿಂಗೆ ಗೊತ್ತಾ?"

ಅವನು ಕೈಯಲ್ಲಿದ್ದ ಕಾಯನ್ನು ಮುರಿಯದೆ ಹಿಡಿದುಕೊಂಡ. "ಇಲ್ಲ," ಎಂದ. "ಕರಗಿಸೋ ಫ್ಯಾಕ್ಟರಿ ತನಕ ಗೊತ್ತು. ಅದರಾಚೆ ಯಾರಿಗೂ ಗೊತ್ತಿಲ್ಲ ಜಾನು. ಅಲ್ಲಿ ಎಲ್ಲಾ ಒಂದೇ ಕಡಾಯಿಗೆ ಬೀಳತ್ತೆ."

"ಅದರಾಚೆ ಹೋಗಿ ನೋಡಿದೋರು ಯಾರಾದ್ರೂ ಇದಾರಾ?"

"ಹಾಗಂದ್ರೆ ವಸಂತಲಕ್ಷ್ಮಿ ಮೇಡಂ ಒಬ್ರೇ. ಅವರು ಹೋಗಿದ್ರು."

ವಸಂತಲಕ್ಷ್ಮಿಯನ್ನು ಸಿಯಾಟಲ್ ಕನ್ನಡಿಗರಲ್ಲಿ ತಿಳಿಯದವರು ಕಡಿಮೆ. ಇಲ್ಲಿ ಕನ್ನಡದವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಲೋಹಶಾಸ್ತ್ರ ಓದಲು ಒಬ್ಬರೇ ಬಂದವರು. ವಿಮಾನದ ಲೋಹಗಳ ಮೇಲೆ ಆಯುಷ್ಯವೆಲ್ಲ ದುಡಿದು ನಿವೃತ್ತರಾದ ಮೇಲೆ, ಖನಿಜ ಎಲ್ಲಿಂದ ಬಂತೆಂದು ಪರೀಕ್ಷಿಸುವ ಒಂದು ಸಂಸ್ಥೆಗೆ ಸಲಹೆಗಾರರಾಗಿ ಕೆಲಕಾಲ ಊರೂರು ಸುತ್ತಿದ್ದರು. ಈಗ ವುಡಿನ್‌ವಿಲ್‌ನಲ್ಲಿ ಬಾಗಿಲ ಮುಂದೆ ಕರಿಬೇವನ್ನು ಕುಂಡದಲ್ಲಿ ಬೆಳೆಸಿಕೊಂಡು, ಚಳಿ ಬಂದರೆ ಅದನ್ನು ಮಗುವಿನಂತೆ ಒಳಗೆ ಹೊತ್ತುಕೊಂಡು ಹೋಗುತ್ತಿದ್ದರು.

ಶನಿವಾರ ಜಾಹ್ನವಿ ಅವರ ಮನೆಗೆ ಹೋದಳು. ವಿಷಯ ಕೇಳಿ ಮುಗಿಯುವವರೆಗೆ ಅವರು ಕಾಫಿ ಮುಟ್ಟಲಿಲ್ಲ.

"ಆ ಕಣಿವೆಗೇ ಹೋಗಿದ್ದೆನಮ್ಮ," ಎಂದರು. "ಬಂದೂಕಿನವರ ಕೈ ಸೋಕದ ಒಳ್ಳೇ ಗಣಿದು ಅಂತ ಗುರುತಿಗೆ ಚೀಲಕ್ಕೊಂದು ಚೀಟಿ ಕಟ್ತಾರೆ. ಆ ಚೀಟಿ ಕಟ್ಟಿದ್ರೆ ಪ್ರಪಂಚದಲ್ಲಿ ಯಾರು ಬೇಕಾದ್ರೂ ಕೊಳ್ಳಬಹುದು. ನಾನು ಹೋದಾಗ ಆ ಚೀಟಿಗಳನ್ನ ಸಂತೆಯಲ್ಲಿ ಮಾರ್ತಾ ಇದ್ರು. ಬದನೆಕಾಯಿ ಗುಡ್ಡೆ ಪಕ್ಕದಲ್ಲಿ! ಸೇನೆಯ ಜೀಪು, ಬಂದೂಕಿನವರ ಮೋಟಾರು ಬೈಕು, ಎರಡೂ ಒಂದೇ ಮರದ ನೆರಳಲ್ಲಿ ನಿಂತಿದ್ವು. ನಾನು ಎಲ್ಲಾ ಬರೆದು ವರದಿ ಕೊಟ್ಟೆ. ಥ್ಯಾಂಕ್ಸ್ ಅಂದ್ರು. ಮುಂದಿನ ವರ್ಷ ಬೇರೆಯವರನ್ನ ಕಳಿಸಿದ್ರು."

"ಕೋರ್ಟಿನಲ್ಲಿ ಹೇಳ್ತೀರಾ?"

"ಹೇಳದೆ? ನೋಡಿದ್ದನ್ನ ಹೇಳೋಕೆ ಯಾರ ಅಪ್ಪಣೆ ಬೇಕು?"

ಆದರೆ ಅಪ್ಪಣೆಯ ಮಾತು ಬಂದೇ ಬಂತು. ಸಾಕ್ಷಿಗಳ ಹೆಸರು ನ್ಯಾಯಾಲಯಕ್ಕೆ ಹೋದ ಕೆಲದಿನಗಳಲ್ಲೇ ಆ ಪರೀಕ್ಷಕ ಸಂಸ್ಥೆಯ ವಕೀಲನೊಬ್ಬ ವಸಂತಲಕ್ಷ್ಮಿಗೆ ಫೋನು ಮಾಡಿ, ವ್ಯಾಪಾರದ ಗುಟ್ಟುಗಳನ್ನು ಬಯಲು ಮಾಡುವುದಿಲ್ಲವೆಂದು ಅವರು ಕರಾರು ಬರೆದುಕೊಟ್ಟದ್ದನ್ನು ಸಕ್ಕರೆಯ ದನಿಯಲ್ಲಿ ನೆನಪಿಸಿದ. ಅದೇ ವಾರ ತ್ರಿವಿಕ್ರಮನ ಮ್ಯಾನೇಜರು ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಕುಳಿತು, ನಿನ್ನ ಹೆಂಡತಿಯ ಕೇಸಿನಲ್ಲಿ ನಮ್ಮ ಸರಬರಾಜುದಾರರ ಹೆಸರು ಬರುತ್ತದೆಯೇ ಎಂದು ಕೇಳಿದ.

"ನೀನೇನಂದೆ?" ಎಂದಳು ಜಾಹ್ನವಿ.

"ಅವಳ ಕೆಲಸ ಅವಳದು, ನಾನು ಕೇಳಲ್ಲ ಅಂದೆ." ತ್ರಿವಿಕ್ರಮ ಶೂ ಬಿಚ್ಚುತ್ತ ತಲೆಯೆತ್ತದೆ ಹೇಳಿದ. "ಭಯ ಆಯ್ತು, ಸುಳ್ಳು ಹೇಳಲ್ಲ. ಆದ್ರೂ ಅಷ್ಟೇ ಅಂದೆ."

ಅವಳು ಅವನ ಪಕ್ಕ ಮೆಟ್ಟಿಲ ಮೇಲೆ ಕುಳಿತಳು. ಬಳಿಕ ವಸಂತಲಕ್ಷ್ಮಿಗೆ ಫೋನು ಮಾಡಿ, ಬೇಡವೆನಿಸಿದರೆ ಹಿಂದೆ ಸರಿಯಬಹುದು, ತಾನು ತಪ್ಪು ತಿಳಿಯುವುದಿಲ್ಲ ಎಂದಳು.

"ಹುಚ್ಚಿ," ಎಂದರು ಆ ಹಿರಿಯೆ. "ಕಂಪನಿ ಹೆಸರು ಎತ್ತಲ್ಲ. ವರದಿಯ ಒಂದು ಸಾಲೂ ಎತ್ತಲ್ಲ. ರಸ್ತೆಯಲ್ಲಿ ನಿಂತು ಏನು ನೋಡಿದೆ, ಅದನ್ನ ಹೇಳ್ತೀನಿ. ರಸ್ತೆ ಯಾರ ವ್ಯಾಪಾರದ ಗುಟ್ಟು?"

ವಿಚಾರಣೆಯ ದಿನ ರಿಜಿಕಿ ಕೆಂಟ್‌ನಿಂದ ಬೆಳಗಿನ ರೈಲಿನಲ್ಲಿ ಸಿಯಾಟಲ್ ನಗರಕ್ಕೆ ಬಂದಳು. ಚರ್ಚಿನ ಹೆಂಗಸರು ಇಸ್ತ್ರಿ ಮಾಡಿಕೊಟ್ಟ ನೀಲಿ ಉಡುಪು ಹಾಕಿದ್ದಳು. ವಸಂತಲಕ್ಷ್ಮಿಯನ್ನು ತ್ರಿವಿಕ್ರಮ ರಜೆ ಹಾಕಿ ತಾನೇ ಕಾರಿನಲ್ಲಿ ಕರೆತಂದು, ಹೊರಗಿನ ಬೆಂಚಿನ ಮೇಲೆ ಕುಳಿತ. ನ್ಯಾಯಾಲಯದ ಕೋಣೆ ಚಿಕ್ಕದು, ಕಿಟಕಿ ಇಲ್ಲ. ನ್ಯಾಯಾಧೀಶೆ ತಲೆ ನರೆತ ಹೆಂಗಸು. ಯಾರು ಮಾತಾಡಿದರೂ ಪೆನ್ನು ಕೆಳಗಿಟ್ಟು ಅವರ ಮುಖ ನೋಡುವ ಅಭ್ಯಾಸ ಅವರಿಗಿತ್ತು. ಸರ್ಕಾರಿ ವಕೀಲ ತರುಣ. ಕೆಟ್ಟವನೇನಲ್ಲ. ಬೆಳಿಗ್ಗೆ ಜಾಹ್ನವಿಗೆ ಬಾಗಿಲು ಹಿಡಿದು ನಿಂತಿದ್ದ.

ರಿಜಿಕಿ ಸ್ವಾಹಿಲಿಯಲ್ಲಿ ನುಡಿದಳು. ಪಕ್ಕದಲ್ಲಿ ಕುಳಿತ ದುಭಾಷಿ ಇಂಗ್ಲಿಷಿಗೆ ತರುತ್ತಿದ್ದ. ಗುಂಡಿ, ಹಗ್ಗ, ಡಬ್ಬಿ, ಬಹಾತಿ, ಹಲಗೆ ಮುಚ್ಚಿದ ಹಳ್ಳ. ಎಲ್ಲಿಯೂ ಅವಳ ದನಿ ಏರಲಿಲ್ಲ. ಆಮೇಲೆ ಸರ್ಕಾರಿ ವಕೀಲ ಎದ್ದ.

"ವಾರಕ್ಕೊಂದು ದಿನ ನೀವು ಆ ಗುಂಪಿಗಾಗಿ ಕೆಲಸ ಮಾಡಿದಿರಿ. ಸರಿಯೇ?"

"ಸರಿ."

"ಪ್ರತಿ ಚೀಲದಿಂದ ಅವರಿಗೆ ಪಾಲು ಹೋಗುತ್ತಿತ್ತು. ಅದನ್ನು ಮಾರಿ ಅವರು ಆಯುಧ ಕೊಳ್ಳುತ್ತಾರೆಂದು ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು. ಆ ಆಯುಧವನ್ನು ನಮ್ಮ ಕಡೆಗೇ ತಿರುಗಿಸುತ್ತಿದ್ದರು."

"ಗೊತ್ತಿದ್ದೂ ಕೊಟ್ಟಿರಿ."

ಜಾಹ್ನವಿ ಎದ್ದು ನಿಂತಳು. "ಮಾನ್ಯರೆ, ಆಕ್ಷೇಪಣೆ. ನನ್ನ ಕಕ್ಷಿದಾರರು 'ಕೊಟ್ಟೆ' ಅನ್ನುವ ಮಾತನ್ನು ಇಂದು ಒಮ್ಮೆಯೂ ಆಡಿಲ್ಲ. ಗಡಿಯಲ್ಲೂ ಆಡಿರಲಿಲ್ಲ. ಅವರು ಆಡಿದ ಮಾತೇನು ಎಂದು ನ್ಯಾಯಾಲಯದ ದುಭಾಷಿಯವರನ್ನೇ ಕೇಳಬೇಕೆಂದು ಕೋರುತ್ತೇನೆ."

ನ್ಯಾಯಾಧೀಶೆ ಒಪ್ಪಿದರು. ರಿಜಿಕಿ ಆ ಮಾತನ್ನು ಬಿಡಿಸಿ ಹೇಳಿದಳು: ನಿಲಿತೋಜ್ವ. ದುಭಾಷಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. "ಮಾನ್ಯರೆ, ಇದು ಕೊಟ್ಟೆ ಅಲ್ಲ," ಎಂದ. "ಕೊಡುವವನು ಕೊಡುತ್ತಾನೆ. ಇಲ್ಲಿ ಮಾಡುವವರು ಬೇರೆ. 'ನನ್ನಿಂದ ವಸೂಲು ಮಾಡಿದರು' ಎಂದರೆ ಹತ್ತಿರವಾಗುತ್ತದೆ. ಒಂದು ಸದ್ದು ಕೇಳಿಸದೆ ಹೋದರೆ ಮಾತಿನ ಅರ್ಥವೇ ತಿರುಗಿಬಿಡುತ್ತದೆ."

ನ್ಯಾಯಾಧೀಶೆ ಅದನ್ನು ಬರೆದುಕೊಂಡರು. ಗಡಿಯ ದಾಖಲೆಯಲ್ಲಿನ ಆ ವಾಕ್ಯ ತಪ್ಪೆಂದು ಅಲ್ಲೇ ಹೇಳಿದರು. ರಿಜಿಕಿ ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ಬಿಟ್ಟಳು. ಅದನ್ನು ನೋಡಿದ ಜಾಹ್ನವಿಗೆ, ಇಷ್ಟು ದಿನ ಇವಳನ್ನು ಕಾಡಿದ್ದು ಗಡೀಪಾರಿನ ಭಯಕ್ಕಿಂತ ಹೆಚ್ಚಾಗಿ ಆ ಒಂದು ಮಾತೇ ಇರಬೇಕು ಎನ್ನಿಸಿತು.

ವಸಂತಲಕ್ಷ್ಮಿ ಸಾಕ್ಷಿಕಟ್ಟೆ ಹತ್ತಿದಾಗ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಯಾವ ಸಂಸ್ಥೆಯ ಹೆಸರನ್ನೂ ಹೇಳಲಿಲ್ಲ. ಸಂತೆ, ಚೀಟಿ, ಮರ, ಮರದಡಿಯ ಜೀಪು ಹೇಳಿದರು. ತಡೆಯ ಬಳಿ ಒಬ್ಬ ಮುದುಕ ಡಬ್ಬಿಗೆ ಅದಿರು ಸುರಿಯಲು ತಡಮಾಡಿದ್ದಕ್ಕೆ ಅವನ ಬೆರಳುಗಳನ್ನು ಕಲ್ಲಿನ ಮೇಲಿಟ್ಟು ಜಜ್ಜಿದ್ದನ್ನು ಹೇಳಿದರು. ಸಮವಸ್ತ್ರದ ಅಧಿಕಾರಿ ಅದನ್ನು ನೋಡುತ್ತ ಜೋಳ ತಿನ್ನುತ್ತಿದ್ದನಂತೆ.

"ಆ ಕಣಿವೆಯಲ್ಲಿ ಪಾಲು ತೆರದೆ ಅಗೆಯುವವರು ಯಾರಾದರೂ ಇದ್ದರೇ?" ಎಂದು ಜಾಹ್ನವಿ ಕೇಳಿದಳು.

"ಇದ್ದರು. ನಾನು ಹೋದಾಗ ಅವರಿಗೆ ಸಮಾಧಿ ತೋಡುತ್ತಿದ್ದರು."

ಕೊನೆಯ ವಾದಕ್ಕೆ ಜಾಹ್ನವಿ ಬರೆದುಕೊಂಡು ಬಂದಿದ್ದಳು. ಎದ್ದ ಮೇಲೆ ಅದನ್ನು ನೋಡಲಿಲ್ಲ. "ಮಾನ್ಯರೆ, ಆ ಡಬ್ಬಿಯ ಅದಿರು ಅಲ್ಲೇ ಉಳಿಯುವುದಿಲ್ಲ. ಅದು ಗುಡ್ಡ ಇಳಿಯುತ್ತದೆ, ಗಡಿ ದಾಟುತ್ತದೆ, ಕರಗುತ್ತದೆ, ಹಡಗು ಹತ್ತುತ್ತದೆ. ಬಂದೂಕಿನವರಿಗೆ ಕಾಸು ಬರುವುದು ಡಬ್ಬಿಯಿಂದಲ್ಲ, ಅದನ್ನು ಕೊಂಡವರಿಂದ. ಆ ದಾರಿಯುದ್ದಕ್ಕೂ ಇರುವ ಅಷ್ಟೂ ಜನರಲ್ಲಿ ಒಲ್ಲೆ ಎನ್ನುವ ಸ್ವಾತಂತ್ರ್ಯ ಇಲ್ಲದಿದ್ದವಳು ಇವಳೊಬ್ಬಳು. ನೆರವು ನೀಡಿದ ಆರೋಪಕ್ಕೆ ಸಿಕ್ಕಿರುವವಳೂ ಇವಳೊಬ್ಬಳೇ. ಅವಳ ಗಂಡ ಒಲ್ಲೆ ಎಂದ..."

"ಆಕ್ಷೇಪಣೆ. ಕೊಳ್ಳುವವರು ಈ ಮೊಕದ್ದಮೆಯಲ್ಲಿಲ್ಲ," ಎಂದ ಸರ್ಕಾರಿ ವಕೀಲ.

"ಇರಬೇಕಿತ್ತು," ಎಂದಳು ಜಾಹ್ನವಿ.

ನ್ಯಾಯಾಧೀಶೆ ಕೈಯೆತ್ತಿದರು. "ವಕೀಲರೆ, ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮುಂದಿರುವುದು ಒಬ್ಬರ ಅರ್ಜಿ ಮಾತ್ರ. ಮುಗಿಸಿ."

ಊಟದ ಬಿಡುವಿನ ನಂತರ ತೀರ್ಪು ಓದಿದರು. ರಿಜಿಕಿಯ ಪ್ರತಿ ಮಾತನ್ನೂ ತಾನು ನಂಬಿರುವುದಾಗಿ ಮೊದಲೇ ಹೇಳಿದರು. ಆದರೂ ಕಾನೂನು ಬಲವಂತಕ್ಕೆ ವಿನಾಯಿತಿ ಕೊಡುವ ಅಧಿಕಾರವನ್ನು ತನಗೆ ಕೊಟ್ಟಿಲ್ಲ, ಆದ್ದರಿಂದ ಆಶ್ರಯದ ಅರ್ಜಿಯನ್ನು ತಿರಸ್ಕರಿಸದೆ ದಾರಿಯಿಲ್ಲ ಎಂದರು. ನ್ಯಾಯಾಧೀಶೆ ನೀರು ಕುಡಿದು ಮುಂದುವರಿಸಿದರು. ತಿರುಗಿ ಕಳಿಸಿದರೆ ಈಕೆಗೆ ಚಿತ್ರಹಿಂಸೆಯಾಗುವ ಸಂಭವವೇ ಹೆಚ್ಚು, ಅಲ್ಲಿನ ಅಧಿಕಾರಿಗಳು ಅದರಲ್ಲಿ ಪಾಲುದಾರರು ಎಂಬುದು ಎರಡನೆಯ ಸಾಕ್ಷಿಯಿಂದಲೂ ಸಿದ್ಧವಾಗಿದೆ. ಆದ್ದರಿಂದ ರಿಜಿಕಿಯನ್ನು ಕಾಂಗೋಗೆ ಕಳಿಸುವಂತಿಲ್ಲ.

ದುಭಾಷಿ ಹೇಳಿ ಮುಗಿಸಿದ ಮೇಲೆ ರಿಜಿಕಿ ಎದ್ದು ನಿಂತಳು. "ನನ್ನ ಮಗಳನ್ನು ಕರೆಸಿಕೊಳ್ಳಬಹುದೇ?" ಎಂದು ನೇರವಾಗಿ ಇಂಗ್ಲಿಷಿನಲ್ಲಿ ಕೇಳಿದಳು.

ನ್ಯಾಯಾಧೀಶೆ ಪೆನ್ನನ್ನು ಕೆಳಗಿಟ್ಟರು. "ಈ ತೀರ್ಪಿನಡಿ ಆಗುವುದಿಲ್ಲ," ಎಂದರು. "ಕ್ಷಮಿಸಿ."

ಹೊರಗಿನ ಪಡಸಾಲೆಯಲ್ಲಿ ಜಾಹ್ನವಿ ಗೋಡೆಗೊರಗಿ ಅತ್ತಳು. ಅಳಬಾರದೆಂದುಕೊಂಡಿದ್ದಳು, ಆದರೂ ಬಂತು. ತ್ರಿವಿಕ್ರಮ ಏನು ಮಾಡಲೂ ತೋಚದೆ ಕರವಸ್ತ್ರ ಹಿಡಿದು ನಿಂತ. ವಸಂತಲಕ್ಷ್ಮಿ ಅವಳ ತಲೆ ನೇವರಿಸಿದರು. ಅಳದೆ ನಿಂತಿದ್ದವಳು ರಿಜಿಕಿ ಒಬ್ಬಳೇ.

"ಅವರು ನನ್ನನ್ನು ನಂಬಿದರು," ಎಂದಳು. "ಇನ್ನು ಮೇಲಿನ ಕೋರ್ಟು ಇದೆಯೇ?"

"ಇದೆ. ಆದರೆ ಅಲ್ಲಿಯೂ ಇದೇ ಕಾನೂನು. ಸೋಲುವ ಸಂಭವವೇ ಹೆಚ್ಚು. ಅದಾದ ಮೇಲೆ ಆ ಇಲಾಖೆಗೆ ವಿನಾಯಿತಿ ಕೇಳಬಹುದು. ಅವರು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಉತ್ತರವೇ ಕೊಡದೆಯೂ ಇರಬಹುದು. ನಾನು ಸುಳ್ಳು ಭರವಸೆ ಕೊಡುವುದಿಲ್ಲ."

"ಕೊಡಬೇಡಿ. ಬರೆಯಿರಿ. ಅವರು ಇಲ್ಲ ಅಂದರೆ ಮತ್ತೆ ಬರೆಯಿರಿ. ನಾನು ಗುಡ್ಡದಿಂದ ಚೀಲ ಹೊತ್ತವಳು. ನಿಧಾನದ ಕೆಲಸ ನನಗೆ ಹೊಸದಲ್ಲ."

ಅಲ್ಲಿಯೇ ನಿಂತು ಅವಳು ಕಂಪಾಲಾಕ್ಕೆ ಫೋನು ಮಾಡಿದಳು. ಫಾಯಿದಾ ಜೊತೆ ಆಡಿದ ಮಾತು ಮೂವರಿಗೂ ತಿಳಿಯಲಿಲ್ಲ. ಆದರೆ ಅವಳು ಮುದ್ದುಗರೆದು ಸಮಾಧಾನ ಹೇಳುತ್ತಿಲ್ಲ, ಆದದ್ದನ್ನು ಆದ ಹಾಗೆ ಹೇಳುತ್ತಿದ್ದಾಳೆ ಎಂದು ದನಿಯಿಂದಲೇ ತಿಳಿಯುತ್ತಿತ್ತು. ನಡುವೆ ಒಮ್ಮೆ ಮಾತ್ರ ಅವಳು ಫೋನನ್ನು ಎದೆಗೊತ್ತಿಕೊಂಡು, ಮತ್ತೆ ಕಿವಿಗಿಟ್ಟಳು.

ಮುಂದಿನ ತಿಂಗಳು ತ್ರಿವಿಕ್ರಮನ ಮೇಜಿಗೆ ಖನಿಜದ ಮೂಲ ಸರಿಯಿದೆ ಎನ್ನುವ ಆ ವರ್ಷದ ಪ್ರಮಾಣಪತ್ರ ಸಹಿಗೆ ಬಂತು. ಕರಗಿಸುವ ಕಾರ್ಖಾನೆಯಾಚೆ ಯಾರಾದರೂ ಹೋಗಿ ನೋಡಿ ಬರುವವರೆಗೆ ಸಹಿ ಹಾಕುವುದಿಲ್ಲ ಎಂದ. ಅವನನ್ನು ಬೇರೆ ತಂಡಕ್ಕೆ ಹಾಕಿದರು. ಸಹಿಯನ್ನು ಇನ್ನಾರೋ ಹಾಕಿದರು. ಆದರೆ ವಸಂತಲಕ್ಷ್ಮಿಯ ಮನೆಯಲ್ಲಿ ಈಗ ತಿಂಗಳಿಗೊಮ್ಮೆ ಸೇರುವ ಕೆಲವು ಇಂಜಿನಿಯರುಗಳಿದ್ದರು. ಸಿಯಾಟಲ್ ನಗರದ ಸೌತ್ ಲೇಕ್ ಯೂನಿಯನ್‌ನಿಂದ ಬರುವ ಅನುಷಾ ಎಂಬ ಹುಡುಗಿ, ನಾವು ಕೊಳ್ಳುವುದನ್ನೇ ನಿಲ್ಲಿಸಿದರೆ ಹೇಗೆ ಎಂದು ಮೊದಲ ಸಲವೇ ಕೇಳಿದಳು. ಅಂದು ಅಲ್ಲಿಗೆ ಬಂದಿದ್ದ ರಿಜಿಕಿ ತಲೆಯಲ್ಲಾಡಿಸಿದಳು. "ನಿಲ್ಲಿಸಿದರೆ ನನ್ನ ಊರು ಉಪವಾಸ ಬೀಳುತ್ತದೆ. ಕೊಳ್ಳಿರಿ. ಆದರೆ ಹಗ್ಗದ ಹತ್ತಿರ ಬಂದು ನಿಂತು, ಯಾರ ಕೈಯಿಂದ ಕೊಳ್ಳುತ್ತಿದ್ದೀರಿ ಎಂದು ನೋಡಿ ಕೊಳ್ಳಿರಿ."

ಮೇಲ್ಮನವಿ ಸಲ್ಲಿಸಿದ ಮರುವಾರ, ಸೋಮವಾರ ಬೆಳಿಗ್ಗೆ, ಜಾಹ್ನವಿ ಕಚೇರಿಗೆ ಬಂದಾಗ ಮೆಟ್ಟಿಲ ಬಳಿ ರಿಜಿಕಿ ನಿಂತಿದ್ದಳು. ಕೆಲಸಕ್ಕೆ ರಜೆ ಹಾಕಿದ್ದಳು. ಅವಳ ಪಕ್ಕದಲ್ಲಿ ಇಬ್ಬರು ಹೆಂಗಸರು, ಒಬ್ಬ ವಯಸ್ಸಾದ ಗಂಡಸು. ಮೂವರೂ ಕಾಂಗೋದವರು, ರಿಜಿಕಿಯ ಚರ್ಚಿನವರು. ಹಿರಿಯನ ಬಲಗೈಯ ಬೆರಳುಗಳು ಕೋಟಿನ ಜೇಬಿನಲ್ಲೇ ಇದ್ದವು.

"ಇವರಿಗೂ ಅದೇ ನೋಟಿಸು ಬಂದಿದೆ," ಎಂದಳು ರಿಜಿಕಿ. "ಇವರ ಮಾತನ್ನೂ ತಪ್ಪಾಗಿ ಬರೆದಿದ್ದಾರೆ. ನಾನು ಪಕ್ಕದಲ್ಲಿ ಕುಳಿತು ಸರಿಯಾಗಿ ಹೇಳಿಸುತ್ತೇನೆ."

ಜಾಹ್ನವಿ ಬೀಗ ತೆಗೆದಳು. ಒಳಗೆ ಇದ್ದದ್ದು ಮೂರೇ ಕುರ್ಚಿ. ಅವಳು ಕೆಳಗಿಳಿದು, ಇನ್ನೂ ತೆರೆಯದ ತೆರಿಯಾಕಿ ಅಂಗಡಿಯ ಹಿಂಬಾಗಿಲು ಬಡಿದು, ಎರಡು ಸ್ಟೂಲುಗಳನ್ನು ಇಸಿದುಕೊಂಡು ಮೆಟ್ಟಿಲೇರಿದಳು.

"ಕೂತುಕೊಳ್ಳಿ," ಎಂದಳು. "ಮೊದಲು ಯಾರು ಹೇಳುತ್ತೀರಿ?"